ಮೆಷೀನ್ ಅಗ್ಗ, ಸ್ಟ್ರಿಪ್ ದುಬಾರಿ: ಗ್ಲುಕೋಮೀಟರ್ ಜೊತೆ ಮೂರು ವರ್ಷ

ನನ್ನದು ದಾವಣಗೆರೆಯಲ್ಲಿ ಒಂದು ಝೆರಾಕ್ಸ್ ಅಂಗಡಿ. ಪ್ರಿಂಟರನ್ನು ಅಗ್ಗಕ್ಕೆ ಕೊಟ್ಟು ಆಮೇಲೆ ಇಂಕಿನಲ್ಲಿ ಜೇಬು ಖಾಲಿ ಮಾಡುವ ಆಟ ನನಗೆ ಹೊಸದಲ್ಲ. ಆದರೂ ಶುಗರ್ ಇರುವ ನಾನು, ಮನೆಯಲ್ಲೇ ರಕ್ತದ ಸಕ್ಕರೆ ನೋಡುವ ಗ್ಲುಕೋಮೀಟರ್ ಕೊಳ್ಳುವಾಗ ಅದೇ ಹಳ್ಳಕ್ಕೆ ಬಿದ್ದೆ. ಮೆಷೀನ್ 800 ರೂಪಾಯಿ, 10 ಸ್ಟ್ರಿಪ್ (ರಕ್ತದ ಹನಿ ಹಾಕುವ, ಒಂದೇ ಸಲಕ್ಕೆ ಬರುವ ಪಟ್ಟಿ) ಫ್ರೀ ಅಂದರು. ಆ ಹತ್ತು ಮೂರೇ ದಿನಕ್ಕೆ ಮುಗಿದವು. ಆಮೇಲೆ ಸ್ಟ್ರಿಪ್ ಒಂದಕ್ಕೆ ಹೆಚ್ಚು ಕಡಿಮೆ 20 ರೂಪಾಯಿ. ಅಂದರೆ ಒಂದು ಸಲ ಬೆರಳು ಚುಚ್ಚಿಕೊಂಡರೆ ನಾನು ಹತ್ತು ಕಾಪಿ ತೆಗೆಯಬೇಕು. ಲಾಭದ ಲೆಕ್ಕ ಅಲ್ಲ, ಬರೀ ವ್ಯಾಪಾರದ ಲೆಕ್ಕ.

ಅದರ ಮೇಲೆ ರಕ್ತ ಸ್ವಲ್ಪ ಕಡಿಮೆ ಬಿದ್ದರೆ ಪರದೆ ಮೇಲೆ ಎರರ್. ಸ್ಟ್ರಿಪ್ ಹೋಯಿತು, 20 ರೂಪಾಯಿ ನೀರಿಗೆ. ಚಳಿಗಾಲದ ಬೆಳಿಗ್ಗೆ ಬೆರಳು ತಣ್ಣಗಿದ್ದಾಗ ಇದು ಜಾಸ್ತಿ. ಈಗ ಒಂದು ಪದ್ಧತಿ ಮಾಡಿಕೊಂಡಿದ್ದೇನೆ. ಬೆಚ್ಚಗಿನ ನೀರಲ್ಲಿ ಸೋಪು ಹಾಕಿ ಕೈ ತೊಳೆಯುವುದು, ಪಂಚೆಗೆ ಒರೆಸದೆ ಬೇರೆ ಟವೆಲ್ಲಿಗೆ ಒರೆಸುವುದು, ಕೈ ಕೆಳಗೆ ಇಳಿಬಿಟ್ಟು ಎರಡು ಸಲ ಕೊಡವುವುದು, ಉಂಗುರದ ಬೆರಳಿನ ತುದಿಗಲ್ಲ, ಪಕ್ಕಕ್ಕೆ ಚುಚ್ಚುವುದು. ಪಕ್ಕದಲ್ಲಿ ನೋವು ಕಡಿಮೆ. ದಿನವಿಡೀ ಪೇಪರ್ ಎಣಿಸುವವನಿಗೆ ಬೆರಳ ತುದಿ ಬೇಕಲ್ವಾ.

ಕೈ ತೊಳೆಯುವ ಬುದ್ಧಿ ಬಂದದ್ದು ಮಾವಿನ ಹಣ್ಣಿನಿಂದ. ಮನೆಯವರಿಗೆಲ್ಲ ಹಣ್ಣು ಹೆಚ್ಚಿಕೊಟ್ಟು, ನಾನು ಒಂದೇ ಹೋಳು ತಿಂದು, ಕೈಯನ್ನು ಸುಮ್ನೆ ಒರೆಸಿಕೊಂಡು ಚೆಕ್ ಮಾಡಿದೆ. 312! (ಒಂದು ಡೆಸಿಲೀಟರ್ ರಕ್ತದಲ್ಲಿ ಇಷ್ಟು ಮಿಲಿಗ್ರಾಂ ಸಕ್ಕರೆ ಅಂತ ಲೆಕ್ಕ.) ಎದೆ ಧಸಕ್ ಅಂದಿತು. ಕೈ ತೊಳೆದು ಮತ್ತೆ ಚುಚ್ಚಿದರೆ 171. ಬೆರಳಿಗೆ ಅಂಟಿದ್ದ ರಸವನ್ನೇ ಮೆಷೀನ್ ಅಳೆದಿತ್ತು.

ಮೊದಲ ತಿಂಗಳು ಇದನ್ನು ಗೋಡೆಗೆ ಎಸೆಯಬೇಕು ಅನ್ನಿಸಿತ್ತು. ಐದು ನಿಮಿಷದ ಅಂತರದಲ್ಲಿ ಒಮ್ಮೆ 148, ಇನ್ನೊಮ್ಮೆ 161. ಆಮೇಲೆ ಗೊತ್ತಾಯಿತು, ಈ ಮೆಷೀನುಗಳಿಗೆ ಇರುವ ಅಂತರರಾಷ್ಟ್ರೀಯ ಮಾನದಂಡವೇ 100ರ ಮೇಲಿನ ಅಂಕಿಗೆ ಶೇ 15ರಷ್ಟು ಆಚೀಚೆ ಆದರೂ ಪರವಾಗಿಲ್ಲ ಅನ್ನುತ್ತದೆ. ಹಾಗಾಗಿ ಹತ್ತು ಅಂಕಿಗೆಲ್ಲ ಕೂತು ಅಳುವುದು ಬಿಟ್ಟೆ.

ಆದರೆ ನನ್ನ ದೊಡ್ಡ ಸಿಟ್ಟು ಬೇರೆ ಇತ್ತು. ನಾನು ಆರು ವರ್ಷದಿಂದ ಬೆಳಿಗ್ಗೆ ಐದೂವರೆಗೆ ಎದ್ದು ಕುಂದವಾಡ ಕೆರೆ ಸುತ್ತ ಒಂದು ಗಂಟೆ ಜೋರಾಗಿ ನಡೆಯುತ್ತೇನೆ. ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು. ಒಂದು ದಿನ ಹೋಗುವ ಮುಂಚೆ ನೋಡಿದೆ, 152. ಬೆವರು ಸುರಿಸಿಕೊಂಡು ಬಂದು ನೋಡಿದೆ, 163. ಮೆಷೀನ್ ಕೆಟ್ಟಿದೆ ಅಂತ ಅಂಗಡಿಗೆ ವಾಪಸ್ ಕೊಡಲು ಹೋಗಿದ್ದೆ! ಡಾಕ್ಟರು ನಕ್ಕರು. ಬೆಳಗಿನ ಜಾವ ಕೆಲವು ಹಾರ್ಮೋನುಗಳು ಏರುತ್ತವೆ, ಲಿವರ್ ತಾನಾಗಿಯೇ ಸಕ್ಕರೆ ಬಿಡುತ್ತದೆ, ಖಾಲಿ ಹೊಟ್ಟೆಯಲ್ಲಿ ಜೋರಾಗಿ ನಡೆದರೆ ಇನ್ನಷ್ಟು ಬಿಡಬಹುದು ಅಂದರು. ನಡಿಗೆ ದಂಡ ಅಲ್ಲ, ಅದರ ಲಾಭ ದಿನವಿಡೀ ಇರುತ್ತದೆ, ಆದರೆ ನಿಮ್ಮ ತೊಂದರೆ ಇರುವುದು ರಾತ್ರಿ ಊಟದಲ್ಲಿ ಅಂದರು.

ಅಂಗಡಿ ಮುಚ್ಚುವುದು ಒಂಬತ್ತೂವರೆಗೆ, ಊಟ ಹತ್ತಕ್ಕೆ, ಹತ್ತೂಮುಕ್ಕಾಲಿಗೆ ಗೊರಕೆ. ಇದೇ ಆಗಿನ ನನ್ನ ದಿನಚರಿ. ಎರಡು ಜೋಳದ ರೊಟ್ಟಿ, ಪಲ್ಯ, ಒಂದು ಹಿಡಿ ಅನ್ನ. ಇದೇ ಊಟವನ್ನು ಇಟ್ಟುಕೊಂಡು ಪರೀಕ್ಷೆ ಮಾಡಿದೆ. ಒಂದು ದಿನ ಉಂಡು ಟೀವಿ ಮುಂದೆ ಕೂತೆ. ಮೊದಲ ತುತ್ತಿನಿಂದ ಎರಡು ಗಂಟೆ ಎಣಿಸಿ ನೋಡಿದರೆ 214. ಮರುದಿನ ಅಷ್ಟೇ ಊಟ, ಎದ್ದವನೇ ಬೀದಿಯಲ್ಲಿ ಹನ್ನೆರಡು ನಿಮಿಷ ಅಡ್ಡಾಡಿದೆ. 169. ನಂಬಿಕೆ ಬರಲಿಲ್ಲ. ಆ ವಾರ ನಾಲ್ಕು ಸಲ ಮಾಡಿದೆ. ಪ್ರತಿ ಸಲವೂ ಮೂವತ್ತಕ್ಕೆ ಕಡಿಮೆ ಇಲ್ಲದಂತೆ ವ್ಯತ್ಯಾಸ. ಹೆಂಡತಿ, "ರೀ, ಊಟಕ್ಕೆ ಮುಂಚೆ ಚುಚ್ಕೊಳ್ತೀರಿ, ಆದ ಮೇಲೂ ಚುಚ್ಕೊಳ್ತೀರಿ, ಊಟದ ರುಚಿ ಹೆಂಗಿತ್ತು ಅಂತ ಒಂದು ಮಾತು ಹೇಳಲ್ಲ" ಅಂದಳು. ತಪ್ಪು ನನ್ನದೇ.

ನಡೆಯುವಾಗ ಕಾಲಿನ ಸ್ನಾಯುಗಳು ಇನ್ಸುಲಿನ್‌ಗೆ ಕಾಯದೆಯೂ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತವಂತೆ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನವೂ ಊಟದ ನಂತರದ ನಡಿಗೆಯ ಪರವಾಗಿಯೇ ಇದೆ. ಟೈಪ್ 2 ಶುಗರ್ ಇರುವ 41 ಜನರಿಗೆ ದಿನಕ್ಕೆ ಅರ್ಧ ಗಂಟೆ ಯಾವಾಗಲಾದರೂ ನಡೆಯಿರಿ ಅಂದಾಗ ಇದ್ದದ್ದಕ್ಕಿಂತ, ಪ್ರತಿ ಊಟದ ನಂತರ ಹತ್ತು ನಿಮಿಷ ನಡೆಯಿರಿ ಅಂದಾಗ, ಊಟದ ನಂತರದ ಶುಗರ್ ಸರಾಸರಿ ಶೇ 12 ಕಡಿಮೆ ಇತ್ತು. ರಾತ್ರಿ ಊಟದ ನಂತರ ಶೇ 22. ನನ್ನ ಬೀದಿಯ ಲೆಕ್ಕವೂ ಹತ್ತಿರ ಹತ್ತಿರ ಅದೇ.

ಅಲ್ಲಿಂದ ಈ ಮೆಷೀನ್ ಮೇಲೆ ಪ್ರೀತಿ ಬಂತು ಅನ್ನಿ. ಈಗ ಸಂಜೆ ಏಳೂವರೆಗೆ ಮನೆಯಿಂದ ಊಟದ ಡಬ್ಬಿ ಅಂಗಡಿಗೇ ಬರುತ್ತದೆ. ಝೆರಾಕ್ಸ್ ಮೆಷೀನ್ ಹಿಂದೆ ಸ್ಟೂಲು ಹಾಕಿಕೊಂಡು ಉಣ್ಣುತ್ತೇನೆ. ಹುಡುಗನನ್ನು ಕೌಂಟರಿಗೆ ನಿಲ್ಲಿಸಿ ರಸ್ತೆ ಕೊನೆಯ ಟೀ ಅಂಗಡಿ ತನಕ ಹೋಗಿ ಬರುತ್ತೇನೆ. ಟೀ ಕುಡಿಯುವುದಿಲ್ಲ, ಅಂಗಡಿಯವನು ಮುಖ ತಿರುಗಿಸುತ್ತಾನೆ. ಮೂರು ತಿಂಗಳಲ್ಲಿ ಬೆಳಗಿನ ಖಾಲಿ ಹೊಟ್ಟೆ ಅಂಕಿ 150ರ ಆಸುಪಾಸಿನಿಂದ 120ಕ್ಕೆ ಇಳಿಯಿತು. ಮಾತ್ರೆ ಅದೇ, ರೊಟ್ಟಿ ಅಷ್ಟೇ. ರಾತ್ರಿಯಾದಂತೆ ಅದೇ ಅನ್ನವನ್ನು ಅರಗಿಸುವ ಶಕ್ತಿ ದೇಹಕ್ಕೆ ಕಡಿಮೆಯಾಗುತ್ತದೆ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಅಂಕಿ ಕಣ್ಣಿಗೆ ಕಾಣುವ ತನಕ ಕಿವಿಗೆ ಹಾಕಿಕೊಂಡಿರಲಿಲ್ಲ.

ಊಟ ತಡವಾದರೆ ಉಲ್ಟಾ ಹೊಡೆತವೂ ಇದೆ. ಕಾಲೇಜು ಅಡ್ಮಿಷನ್ ಸಮಯದಲ್ಲಿ ಒಂದು ದಿನ ಮಧ್ಯಾಹ್ನ ಮೂರೂವರೆಯಾದರೂ ಊಟವಿಲ್ಲ. ಬೆಳಿಗ್ಗೆ ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ನುಂಗಿಯಾಗಿತ್ತು. ಕೈ ನಡುಗಿತು, ಬೆವರು ಕಿತ್ತುಕೊಂಡು ಬಂತು. ಡ್ರಾಯರ್‌ನಲ್ಲಿದ್ದ ಮೆಷೀನ್ 62 ತೋರಿಸಿತು. 70ಕ್ಕಿಂತ ಕೆಳಗೆ ಹೋದರೆ ತಡ ಮಾಡಬಾರದು. ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದೆ, 15 ನಿಮಿಷದ ಮೇಲೆ 94. ಆಮೇಲೆ ಊಟ. ಆವತ್ತಿನ ಎರಡು ಸ್ಟ್ರಿಪ್ಪಿಗೆ ನಾನು ಲೆಕ್ಕ ಬರೆದಿಲ್ಲ. ಈ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಬಿಡುವುದು, ಹೊಸದಾಗಿ ವ್ಯಾಯಾಮ ಶುರು ಮಾಡುವುದು ಬೇಡ.

ಕೊಳ್ಳುವವರಿಗೆ ನನ್ನ ಮಾತು ಇಷ್ಟೆ. ಮೆಷೀನ್ ಬೆಲೆ ನೋಡಬೇಡಿ, ಐವತ್ತು ಸ್ಟ್ರಿಪ್ಪಿನ ಬೆಲೆ ಕೇಳಿ, ಡಬ್ಬಿ ತೆರೆದ ಮೇಲೆ ಎಷ್ಟು ತಿಂಗಳು ಬಾಳುತ್ತದೆ ಅಂತಲೂ ಕೇಳಿ. ದಿನಾ ಚುಚ್ಚಿಕೊಳ್ಳಲು ನನಗೆ ಕಟ್ಟುವುದಿಲ್ಲ. ವಾರಕ್ಕೆ ನಾಲ್ಕು ಸ್ಟ್ರಿಪ್, ಯಾವಾಗಲೂ ಜೋಡಿಯಲ್ಲಿ, ಊಟಕ್ಕೆ ಮುಂಚೆ ಒಂದು, ಎರಡು ಗಂಟೆಯ ಮೇಲೆ ಒಂದು. ಮಂಡಕ್ಕಿ ಮೆಣಸಿನಕಾಯಿ ತಿಂದ ಸಂಜೆಯ ಜೋಡಿಯನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಮರ್ಯಾದೆ ಪ್ರಶ್ನೆ.

ಐದಕ್ಕೆ ಮೂರೂವರೆ ಸ್ಟಾರ್. ಕಡಿಮೆಯಾದ ಒಂದೂವರೆಯೂ ಸ್ಟ್ರಿಪ್ಪಿನದೇ. ಡಬ್ಬಿಯಲ್ಲಿ ಇನ್ನು ಮೂರು ಉಳಿದಿವೆ. ಎರಡನ್ನು ಭಾನುವಾರದ ಬೆಣ್ಣೆ ದೋಸೆಗೆ ಎತ್ತಿಟ್ಟಿದ್ದೇನೆ, ಒಂದು ಎರರ್ ಬಂದರೆ ಇರಲಿ ಅಂತ.