ತ್ರೀಎಂ 8210 ಮಾಸ್ಕ್: ತಲೆಗೆ ಹಾಕುವ ಎರಡು ಪಟ್ಟಿಗಳೇ ಇದರ ಬಲ

ಮನೆಯಲ್ಲಿ ಫ್ಲೂ ಅಥವಾ ಕೋವಿಡ್ ಬಂದವರ ಆರೈಕೆ ಮಾಡುವವರಿಗೆ ಬಟ್ಟೆ ಮಾಸ್ಕ್ ಸಾಲದು. ಬಟ್ಟಲಿನಾಕಾರದ ಈ ಎನ್95 ಮಾಸ್ಕನ್ನು ಧೈರ್ಯವಾಗಿ ಕೊಳ್ಳಬಹುದು. 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಕನಿಷ್ಠ ಶೇ. 95ರಷ್ಟನ್ನು ಇದರ ಪದರ ತಡೆಯುತ್ತದೆ. ವಾಲ್ವ್ ಇಲ್ಲದ್ದರಿಂದ ಹಾಕಿಕೊಂಡವರ ಉಸಿರೂ ಸೋಸಿಯೇ ಹೊರಬರುತ್ತದೆ.

ಆದರೆ ಅಂಚಿನಲ್ಲಿ ಸಂದು ಉಳಿದರೆ ಈ ಲೆಕ್ಕವೆಲ್ಲ ವ್ಯರ್ಥ. ಮೇಲಿನ ಪಟ್ಟಿ ಕಿವಿಗಳ ಮೇಲಿಂದ ತಲೆಯ ಹಿಂಭಾಗಕ್ಕೆ, ಕೆಳಗಿನದು ಕಿವಿಗಳ ಕೆಳಗಿಂದ ಕತ್ತಿನ ಹಿಂದಕ್ಕೆ ಬರಬೇಕು. ಮೂಗಿನ ಮೇಲಿನ ಲೋಹದ ಪಟ್ಟಿಯನ್ನು ಒಂದೇ ಕೈಯಲ್ಲಿ ಚಿವುಟಬೇಡಿ. ಅದು ನಡುವೆ ಚೂಪಾಗಿ ಮಡಚಿಕೊಂಡು ಗಾಳಿ ಸೋರುತ್ತದೆ. ಎರಡೂ ಕೈಗಳ ಬೆರಳುಗಳಿಂದ ಮಧ್ಯದಿಂದ ಕೆನ್ನೆಯತ್ತ ಒತ್ತುತ್ತಾ ಬನ್ನಿ. ಬಳಿಕ ಅಂಗೈಗಳಿಂದ ಮಾಸ್ಕ್ ಮುಚ್ಚಿ ಜೋರಾಗಿ ಉಸಿರು ಬಿಡಿ. ಕಣ್ಣಿನತ್ತ ಗಾಳಿ ತಾಗಿದರೆ ಮತ್ತೆ ಒತ್ತಿ. ಗಡ್ಡವಿದ್ದರೆ ಮಾತ್ರ ಇದು ಸರಿಯಾಗಿ ಕೂರುವುದೇ ಇಲ್ಲ.

ದಯವಿಟ್ಟು ತೊಳೆಯಬೇಡಿ. ಸಣ್ಣ ಕಣಗಳನ್ನು ಸೆಳೆದು ಹಿಡಿಯುವುದು ನಾರಿನಲ್ಲಿರುವ ಸ್ಥಾಯಿ ವಿದ್ಯುತ್ತು. ಸೋಪು, ಸ್ಯಾನಿಟೈಸರ್ ತಾಗಿದರೆ ಅದು ಅಳಿದುಹೋಗುತ್ತದೆ. ಪಟ್ಟಿ ಸಡಿಲವಾದರೆ, ಮಾಸ್ಕ್ ಒದ್ದೆಯಾದರೆ ಎಸೆಯಿರಿ. ತೆಗೆಯುವಾಗ ಮುಂಭಾಗ ಮುಟ್ಟದೆ ಮೊದಲು ಕೆಳಗಿನ ಪಟ್ಟಿ, ಆಮೇಲೆ ಮೇಲಿನದು, ತಕ್ಷಣ ಕೈತೊಳೆತ. ಮಕ್ಕಳ ಮುಖಕ್ಕೆ ಈ ಅಳತೆ ಆಗದು.