ಔಷಧಿ ಹೊಡೆಯೋ ಗನ್ನಿಗೆ ಯಾವ ಸ್ಪ್ರಿಂಗ್? ಎಸ್‌ಎಸ್ ಹಾಕಿ, ಜೊತೆಗೊಂದು ವಾಷರ್

ಕೋಲಾರದ ಕಡೆ ಟೊಮೆಟೊಗೆ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಬೆರೆಸಿದ್ದು) ಹೊಡೆಯುವವರ ಗನ್ನಿನಲ್ಲಿ, ಹಿಡಿ ಬಿಟ್ಟಾಗ ವಾಲ್ವ್ ಮುಚ್ಚುವುದಕ್ಕೆ ಎಸ್‌ಎಸ್ 304 (ಒಂದು ಬಗೆಯ ಸ್ಟೇನ್‌ಲೆಸ್ ಸ್ಟೀಲ್) ಸ್ಪ್ರಿಂಗೇ ಸರಿ. ಜಿಂಕ್ ಲೇಪದ ಮ್ಯೂಸಿಕ್ ವೈರ್ (ಹೆಚ್ಚು ಇಂಗಾಲದ ಉಕ್ಕಿನ ಸ್ಪ್ರಿಂಗ್ ತಂತಿ) ಹೊಸದರಲ್ಲಿ ಚೆನ್ನಾಗಿ ಪುಟಿಯುತ್ತದೆ. ಆದರೆ ಸುಣ್ಣ ಕಡಿಮೆ ಬಿದ್ದ ದ್ರಾವಣದಲ್ಲಿ ಮೈಲುತುತ್ತ ಜಿಂಕನ್ನು ತಿನ್ನುತ್ತದೆ, ಆ ಜಾಗದಲ್ಲಿ ತಾಮ್ರ ಕೂರುತ್ತದೆ, ಆಮೇಲೆ ಒಳಗಿನ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ. ಸ್ಪ್ರಿಂಗಿನ ಬಲ ತಂತಿ ದಪ್ಪದ ನಾಲ್ಕನೇ ಘಾತದ ಮೇಲೆ ನಿಂತಿದೆ. 1 ಮಿ.ಮೀ. ತಂತಿ 0.9ಕ್ಕೆ ಸವೆದರೆ ಬಲದಲ್ಲಿ ಸುಮಾರು ಮೂರನೇ ಒಂದು ಪಾಲು ಹೋಯಿತು.

ಕೆಲಸದಲ್ಲಿ ಎಸ್‌ಎಸ್‌ನ ತೊಡಕು ಒಂದೇ: ಹಿಡಿ ಬಿಟ್ಟಾಗ ವಾಲ್ವ್ ಮೆತ್ತಗೆ ಮುಚ್ಚುತ್ತದೆ, ನಾಝಲ್ ತೊಟ್ಟಿಕ್ಕುತ್ತದೆ. ಸ್ಪ್ರಿಂಗ್ ಒತ್ತಿದಾಗ ತಂತಿ ತಿರುಚಿಕೊಳ್ಳುತ್ತದೆ. ಆ ತಿರುಚಿಗೆ ಎದುರು ನಿಲ್ಲುವ ಬಿಗಿ ಮ್ಯೂಸಿಕ್ ವೈರಿಗೆ ಸುಮಾರು 79 ಗಿಗಾಪ್ಯಾಸ್ಕಲ್, ಎಸ್‌ಎಸ್‌ಗೆ 69. ಅಳತೆ ಒಂದೇ ಇದ್ದರೂ ಬಲ ಎಂಟರಲ್ಲಿ ಒಂದು ಪಾಲು ಕಡಿಮೆ. 1 ಮಿ.ಮೀ. ತಂತಿ, 8 ಮಿ.ಮೀ. ಹೊರವ್ಯಾಸ, 8 ಕೆಲಸದ (ಒತ್ತಿದಾಗ ಕುಗ್ಗುವ) ಸುತ್ತು, 25 ಮಿ.ಮೀ. ಉದ್ದದ ಸ್ಪ್ರಿಂಗ್ 20 ಮಿ.ಮೀ. ಜಾಗದಲ್ಲಿ ಕೂತಾಗ ಮ್ಯೂಸಿಕ್ ವೈರ್ 1.8 ಕೆ.ಜಿ. ಒತ್ತುತ್ತದೆ, ಎಸ್‌ಎಸ್ 1.6 ಮಾತ್ರ.

ಇಲ್ಲೇ ಬಹಳ ಜನ ಕಟ್ಟರ್ ಹಿಡಿಯುತ್ತಾರೆ. ಒಂದು ಸುತ್ತು ಕತ್ತರಿಸಿದರೆ ಸ್ಪ್ರಿಂಗ್ ಗಟ್ಟಿಯಾಗುವುದು ನಿಜ, ಆದರೆ ಉದ್ದದಲ್ಲಿ ಸುಮಾರು 3 ಮಿ.ಮೀ. ಹೋಗುತ್ತದೆ. ಕೂರಿಸುವಾಗಲೇ 5 ಮಿ.ಮೀ. (25ರಿಂದ 20ಕ್ಕೆ) ಇದ್ದ ಮೊದಲ ಒತ್ತು 2ಕ್ಕೆ ಇಳಿದು, ಮುಚ್ಚುವ ಬಲ ಮುಕ್ಕಾಲು ಕೆ.ಜಿ.ಗೆ ಬರುತ್ತದೆ. ಮೇಲಾಗಿ ಕತ್ತರಿಸಿದ ತುದಿ ವಾರೆ ಕೂತು ವಾಲ್ವ್ ಕಡ್ಡಿಯನ್ನು ಒಂದು ಪಕ್ಕಕ್ಕೆ ತಳ್ಳುತ್ತದೆ. ಆ ತುದಿಯನ್ನು ಕಾಯಿಸಿ ಬಗ್ಗಿಸಿದರೆ ಅಲ್ಲಿನ ಟೆಂಪರ್ (ಪುಟಿಯುವ ಗುಣ) ಕೆಟ್ಟಿತು. ಕೈಯಲ್ಲಿ ಎಳೆದು ಉದ್ದ ಮಾಡಿದ ಸ್ಪ್ರಿಂಗ್ ನಾಲ್ಕು ದಿನಕ್ಕೆ ಮತ್ತೆ ಕುಗ್ಗುತ್ತದೆ. ದಯವಿಟ್ಟು ಇದ್ಯಾವುದೂ ಬೇಡ. ಸ್ಪ್ರಿಂಗಿನ ಹಿಂದೆ ಮುಕ್ಕಾಲು ಮಿ.ಮೀ. ದಪ್ಪದ ಎಸ್‌ಎಸ್ ವಾಷರ್ ಹಾಕಿ, ಬಲ ಮತ್ತೆ 1.8ಕ್ಕೆ ಬರುತ್ತದೆ. ಹಾಕಿದ ಮೇಲೆ ಹಿಡಿ ಪೂರ್ತಿ ಒತ್ತಿ ನೋಡಿ: ಸ್ಪ್ರಿಂಗಿನ ಒಂದು ಸುತ್ತು ಇನ್ನೊಂದಕ್ಕೆ ತಾಗಬಾರದು.

ಕೊಳ್ಳುವಾಗ ಎಸ್‌ಎಸ್ ಹೌದೋ ಅಲ್ಲವೋ ಎಂದು ನೋಡಲು ಮ್ಯಾಗ್ನೆಟ್ ನಂಬಬೇಡಿ. ಎಳೆದು ಮಾಡಿದ 304 ತಂತಿಯೂ ಸ್ವಲ್ಪ ಅಂಟುತ್ತದೆ. ತುದಿ ಸಾಣೆ ಹಿಡಿದು ಚಪ್ಪಟೆ ಮಾಡಿದ್ದನ್ನೇ ಆರಿಸಿ.

ಹಿಡಿ ಲಾಕ್ ಮಾಡಿ ರಾತ್ರಿಯಿಡೀ ಬಿಡುವ ಅಭ್ಯಾಸ ಎರಡೂ ಬಗೆಯ ಸ್ಪ್ರಿಂಗಿಗೆ ಕೆಟ್ಟದ್ದು. ಗನ್ ಬಿಚ್ಚುವಾಗ ನಟ್ಟನ್ನು ಕೊನೇ ಸಲ ತಿರುಗಿಸುವ ಮೊದಲು ಅದರ ಮೇಲೆ ಬಟ್ಟೆ ಮುಚ್ಚಿ. ಸ್ಪ್ರಿಂಗ್ ಕಣ್ಣಿಗೆ ಹಾರಬಹುದು.

ಎಸ್‌ಎಸ್‌ಗೆ ದುಡ್ಡು ಜಾಸ್ತಿ. ಹೊಡೆದ ಮೇಲೆ ಪ್ರತಿ ಸಲ ಗನ್ ಬಿಚ್ಚಿ, ತೊಳೆದು, ಒಣಗಿಸುವ ತಾಳ್ಮೆ ಇದ್ದವರಿಗೆ ಮ್ಯೂಸಿಕ್ ವೈರ್ ಸಾಲುತ್ತದೆ. ನನಗೆ ಸಂಜೆ ಆ ತಾಳ್ಮೆ ಉಳಿಯುವುದಿಲ್ಲ. ಎಸ್‌ಎಸ್ ಎರಡು ತಂದು, ಒಂದನ್ನು ವಾಷರ್ ಸಮೇತ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತೇನೆ.