ಗೋಯೆಚಾ ಲಾ ಟ್ರೆಕ್‌ಗೆ 'ಕೋರ್ ಝೋನ್ ಪರ್ಮಿಟ್' ಅಂತ ದುಡ್ಡು ಕೇಳಿದ್ರೆ ಕೊಡಬೇಡಿ, ನಾನು ಕೊಟ್ಟು ಕೆಟ್ಟೆ

ಬರೀಬಾರ್ದು ಅನ್ಕೊಂಡಿದ್ದೆ. ಹದಿನೈದು ದಿನ ಬಾಯಿ ಮುಚ್ಕೊಂಡೇ ಇದ್ದೆ, ಯಾಕಂದ್ರೆ ಮೋಸ ಹೋಗಿದ್ದು ನಾನೊಬ್ಬನೇ ಆಗಿದ್ರೆ ಹಾಳಾಗೋಗ್ಲಿ ಅನ್ಬಹುದಿತ್ತು, ನನ್ನ ಮಾತು ಕೇಳ್ಕೊಂಡು ಇನ್ನೂ ನಾಲ್ಕು ಜನ ಬಂದಿದ್ರು, ಅದ್ರಲ್ಲಿ ಒಬ್ಬ ನನ್ನ ಸ್ವಂತ ಬಾಮೈದ. ಆದ್ರೆ ಮೊನ್ನೆ ಆಫೀಸಲ್ಲಿ ಒಬ್ಳು ಮೊಬೈಲ್ ಹಿಡ್ಕೊಂಡು ಬಂದು "ಇವ್ರ ಜೊತೆ ಹೋಗ್ಬಹುದಾ, ನೀವು ಹೋಗ್ಬಂದ್ರಂತಲ್ಲ" ಅಂದ್ಲು. ನೋಡಿದ್ರೆ ಅದೇ ಮನುಷ್ಯ, ಅದೇ ಮೆಸೇಜು, ಅದೇ ನೀಲಿ ಕೆರೆ ಪಕ್ಕದ ಹಳದಿ ಟೆಂಟಿನ ಫೋಟೋ. ಮೈ ಉರಿದು ಹೋಯ್ತು. ಅದಕ್ಕೇ ಬರೀತಿದೀನಿ.

ಹೆಸರು ಹಾಕಲ್ಲ, ಕೇಳ್ಬೇಡಿ. ಬೆಂಗಳೂರಿನವನೇ, ಕನ್ನಡದವನೇ, ವಾಟ್ಸಾಪ್ ಗ್ರೂಪ್ ಮಾಡ್ಕೊಂಡು ವೀಕೆಂಡ್ ಟ್ರೆಕ್ ಕರ್ಕೊಂಡು ಹೋಗ್ತಾನೆ. ಅವನ ಜೊತೆ ಎರಡು ಸಲ ಚಿಕ್ಕಮಗಳೂರು ಕಡೆ ಹೋಗಿದ್ದೆ, ಒಂದು ಸಲ ಕುದುರೆಮುಖ. ಊಟ ಚೆನ್ನಾಗಿತ್ತು, ಗಾಡಿ ಟೈಮಿಗೆ ಬಂತು, ಎಲ್ಲಾ ಸರಿ ಇತ್ತು. ಅದೇ ತಪ್ಪಾಗಿದ್ದು. ಮೂರು ಸಲ ಸರಿಯಾಗಿ ಮಾಡಿದೋನು ನಾಲ್ಕನೇ ಸಲ ಏನು ಕೇಳಿದ್ರೂ ಕೊಡ್ತೀವಿ ನಾವು.

ಸಿಕ್ಕಿಂ, ಕಾಂಚನಜುಂಗಾ ನ್ಯಾಷನಲ್ ಪಾರ್ಕ್, ಗೋಯೆಚಾ ಲಾ ಟ್ರೆಕ್, ಅಕ್ಟೋಬರ್ ಬ್ಯಾಚ್. ಗೊತ್ತಿಲ್ದೋರಿಗೆ: ಯುಕ್ಸಮ್ ಅಂತ ಒಂದು ಊರು, ಅಲ್ಲಿಂದ ಕಾಡೊಳಗೆ ನಡ್ಕೊಂಡು ತ್ಸೋಕಾ, ಝೋಂಗ್ರಿ, ಥಾನ್ಸಿಂಗ್, ಲಾಮುನೆ ದಾಟಿದ್ರೆ ಸಮಿತಿ ಲೇಕ್ ಸಿಗುತ್ತೆ, ಹಿಮನದಿ ಕರಗಿ ಆದ ಕೆರೆ, ಸುಮಾರು 4,200 ಮೀಟರ್ ಮೇಲೆ. ಅದರ ಮೇಲೆ 'ವ್ಯೂ ಪಾಯಿಂಟ್ ಒಂದು' ಅಂತಾನೇ ಹೆಸರಿರೋ ಜಾಗ, ಅಲ್ಲಿಂದ ಸೂರ್ಯ ಹುಟ್ಟೋವಾಗ ಕಾಂಚನಜುಂಗಾ ನೋಡೋದು. ನಿಜವಾದ ಗೋಯೆಚಾ ಲಾ ಪಾಸ್, ಅಂದ್ರೆ ಬೆಟ್ಟ ದಾಟೋ ಕಣಿವೆ ದಾರಿ, ಇನ್ನೂ ಮುಂದೆ, 4,940 ಮೀಟರ್. ಈ 'ಇನ್ನೂ ಮುಂದೆ' ಅನ್ನೋದ್ರಲ್ಲೇ ಅವನು ದುಡ್ಡು ಮಾಡಿದ್ದು.

ಮೆಸೇಜಲ್ಲಿ ಏನಿತ್ತು ಅಂದ್ರೆ, ಯುಕ್ಸಮ್‌ನಿಂದ ಯುಕ್ಸಮ್‌ಗೆ ತಲೆಗೆ 18,500. ಆಮೇಲೆ ಕೆಳಗೆ ಎರಡು ಸ್ಟಾರ್ ಹಾಕಿ, "ಬೇರೆಯವರು ವ್ಯೂ ಪಾಯಿಂಟ್ ಒಂದರಿಂದಾನೇ ವಾಪಸ್ ಕರ್ಕೊಂಡು ಬರ್ತಾರೆ, ನಾವು ಪಾಸ್ ತನಕ, ಆಚೆ ಇರೋ ಗ್ಲೇಸಿಯರ್ ಲೇಕ್ ಕೂಡ, ಸಮಿತಿ ಲೇಕ್ ದಂಡೆಯಲ್ಲೇ ಒಂದು ರಾತ್ರಿ ಕ್ಯಾಂಪ್. ಕೋರ್ ಝೋನ್ ಸ್ಪೆಷಲ್ ಪರ್ಮಿಟ್ 3,500 ಎಕ್ಸ್‌ಟ್ರಾ." ನನಗೆ ಅನುಮಾನ ಬರ್ಲಿಲ್ಲ ಅಂತಲ್ಲ. ಫೋನ್ ಮಾಡಿ ಕೇಳ್ದೆ. "ಸರ್, ಕುದುರೆಮುಖಕ್ಕೆ ಫಾರೆಸ್ಟ್ ಟಿಕೆಟ್ ಬೇರೆ ಇರ್ಲಿಲ್ವಾ? ಹಂಗೇ ಇದು" ಅಂದ. ಹೌದಲ್ಲ ಅನ್ನಿಸ್ತು. ನಮ್ಮಲ್ಲೂ ಆನ್‌ಲೈನಲ್ಲಿ ಫಾರೆಸ್ಟ್ ಟಿಕೆಟ್ ತಗೊಂಡೇ ತಾನೆ ಹೋಗೋದು. ಐದು ಜನದ್ದು 17,500 ಆ ಸಂಜೆನೇ ನನ್ನ ಅಕೌಂಟಿಂದಾನೇ ಹಾಕ್ದೆ. ಹಾಕಿ, ಆ ಹಳದಿ ಟೆಂಟಿನ ಫೋಟೋನ ನಮ್ಮ ಐದು ಜನದ ಗ್ರೂಪಿಗೆ ಕಳಿಸಿ "ಇಲ್ಲಿ ಮಲ್ಗೋದು ನಾವು" ಅಂತ ಬೇರೆ ಬರ್ದಿದ್ದೆ. ಆ ಮೆಸೇಜ್ ಈಗ ಡಿಲೀಟ್ ಮಾಡೋಕೂ ಬರಲ್ಲ.

ಹೊರಡೋಕೆ ಎರಡು ದಿನ ಇದ್ದಾಗ "ನನಗೆ ಫ್ಯಾಮಿಲಿ ಎಮರ್ಜೆನ್ಸಿ, ನಮ್ಮ ಲೋಕಲ್ ಟೀಮ್ ನೋಡ್ಕೊಳ್ಳುತ್ತೆ" ಅಂದ. ಆಗಲಾದ್ರೂ ಗೊತ್ತಾಗ್ಬೇಕಿತ್ತು. ಆಗ್ಲಿಲ್ಲ. ಫ್ಲೈಟ್ ಬುಕ್ ಆಗಿತ್ತು, ಲೀವ್ ಸಿಕ್ಕಿತ್ತು, ಬಾಗ್ದೋಗ್ರಾದಲ್ಲಿ ಇಳಿದು ಇಡೀ ದಿನ ಗಾಡೀಲಿ ಕುಲುಕಾಡ್ಕೊಂಡು ಯುಕ್ಸಮ್ ಸೇರಿದ್ವಿ.

ಯುಕ್ಸಮ್ ಸಣ್ಣ ಊರು, ಸಿಕ್ಕಿಂನ ಮೊದಲ ರಾಜನಿಗೆ 1642ರಲ್ಲಿ ಪಟ್ಟ ಕಟ್ಟಿದ ಜಾಗ, ಕಲ್ಲಿನ ಸಿಂಹಾಸನ ಇನ್ನೂ ಇದೆ, ಅದನ್ನ ನೋಡ್ಕೊಂಡು ಖುಷಿಯಾಗೇ ಇದ್ವಿ. ಬೆಳಿಗ್ಗೆ ಚೆಕ್‌ಪೋಸ್ಟ್. ಅಲ್ಲಿ ಪ್ಲಾಸ್ಟಿಕ್ ಲೆಕ್ಕ ಬರೆಸ್ಬೇಕು, ಒಳಗೆ ಎಷ್ಟು ತಗೊಂಡು ಹೋಗ್ತೀರೋ ಅಷ್ಟು ವಾಪಸ್ ತರ್ಬೇಕು. ಒಂದೊಂದೇ ಬ್ಯಾಗ್ ಬಿಚ್ಚಿ ಬಿಸ್ಕೆಟ್ ಪ್ಯಾಕೆಟ್ ಎಷ್ಟು, ಮ್ಯಾಗಿ ಎಷ್ಟು, ಬಾಮೈದನ ಚಕ್ಕುಲಿ ಕವರ್ ಒಂದು, ಅದನ್ನೂ ಬರ್ಕೊಂಡ್ರು. ಇಷ್ಟು ಕಟ್ಟುನಿಟ್ಟಾಗಿರೋ ಜಾಗದಲ್ಲಿ ಕೆರೆ ದಂಡೆಗೆ ಟೆಂಟು ಹಾಕೋಕೆ ಬಿಡ್ತಾರಾ ಅಂತ ನನಗೆ ಆಗಲೇ ಹೊಟ್ಟೇಲಿ ಒಂಥರಾ ಆಯ್ತು. ಅಲ್ಲಿ ರಸೀದಿ ಕೊಟ್ರು. ಎಂಟ್ರಿ, ಟೆಂಟು, ಸಾಮಾನು ಹೊರೋ ಡ್ಜೋ (ಯಾಕ್, ಹಸು ಮಿಶ್ರ ತಳಿ), ಎಲ್ಲಾ ಬಿಡಿ ಬಿಡಿಯಾಗಿ. ಎಲ್ಲಾ ಕೂಡಿದ್ರೂ ತಲೆಗೆ 3,500ರ ಹತ್ತಿರಕ್ಕೂ ಬರಲ್ಲ. ನಾನು ಮೆಲ್ಲಗೆ ಕೋರ್ ಝೋನ್ ಪರ್ಮಿಟ್ ಎಲ್ಲಿ ಅಂದೆ. ಟೇಬಲ್ ಹಿಂದೆ ಕೂತಿದ್ದೋರು ತಲೆ ಎತ್ತಿ ನೋಡಿ "ಕೌನ್ ಸಾ ಪರ್ಮಿಟ್?" ಅಂದ್ರು. ವಿವರಿಸ್ದೆ. ಅವ್ರು ಪಕ್ಕದೋರಿಗೆ ನೇಪಾಳಿಯಲ್ಲಿ ಏನೋ ಹೇಳಿದ್ರು, ಇಬ್ರೂ ನಕ್ರು. ಕೆಟ್ಟ ನಗು ಅಲ್ಲ, ಅಯ್ಯೋ ಪಾಪ ಅನ್ನೋ ನಗು. ಅದು ಇನ್ನೂ ಕೆಟ್ಟದು.

ಹೊರಗೆ ಬಂದು ಅವನಿಗೆ ಫೋನ್ ಮಾಡ್ದೆ. "ಸರ್ ಅವರಿಗೆಲ್ಲ ಗೊತ್ತಿರಲ್ಲ, ಅದು ಮೇಲಿನ ಲೆವೆಲ್ ಪರ್ಮಿಷನ್, ಗೈಡ್‌ಗೆ ಹೇಳಿದೀನಿ, ಮೇಲೆ ಅಡ್ಜಸ್ಟ್ ಮಾಡ್ತಾನೆ. ನೀವು ಚೆಕ್‌ಪೋಸ್ಟಲ್ಲಿ ಕೇಳ್ಬಾರ್ದಿತ್ತು, ಈಗ ಅಲರ್ಟ್ ಆಗಿರ್ತಾರೆ." ನೋಡಿ, ತಪ್ಪು ನಂದೇ ಆಗೋಯ್ತು. ನಾನೂ ಸಾರಿ ಅಂದೆ. ಸಾರಿ ಕೇಳ್ದೆ ರೀ ನಾನು ಅವನ ಹತ್ರ!

ನಿಜ ಗೊತ್ತಾಗಿದ್ದು ತ್ಸೋಕಾದಲ್ಲಿ. ಮಳೆ ಹನೀತಿತ್ತು, ಟ್ರೆಕರ್ಸ್ ಹಟ್‌ನ ಅಡುಗೆಮನೇಲಿ ಒಲೆ ಸುತ್ತ ಎಲ್ರೂ ಕೂತಿದ್ವಿ. ಗೈಡ್ ಯುಕ್ಸಮ್ ಹುಡುಗ, ಮಾತು ಕಮ್ಮಿ. ಬಾಮೈದ ಉತ್ಸಾಹದಲ್ಲಿ ಆ ಫೋಟೋ ತೆಗೆದು "ಭಯ್ಯಾ, ಇಲ್ಲಿಗೆ ಯಾವತ್ತು ತಲುಪ್ತೀವಿ" ಅಂತ ಕೇಳ್ದ. ಹುಡುಗ ಮೊಬೈಲ್ ಇಸ್ಕೊಂಡ, ಎರಡು ಬೆರಳಲ್ಲಿ ದೊಡ್ಡದು ಮಾಡ್ದ, ಟೆಂಟ್ ನೋಡ್ಲಿಲ್ಲ, ಕೆರೆ ನೋಡ್ಲಿಲ್ಲ, ಮೇಲೆ ಬೆಟ್ಟದ ಅಂಚನ್ನ ಈ ತುದಿಯಿಂದ ಆ ತುದಿಗೆ ಸರಿಸಿ ಸರಿಸಿ ನೋಡ್ದ. "ಪಾಂಡಿಮ್ ಕಿಧರ್ ಹೈ?" ಅಂದ. ಪಾಂಡಿಮ್ ಅಂದ್ರೆ ಅಲ್ಲಿನ ಶಿಖರ, 6,691 ಮೀಟರ್, ಸಮಿತಿ ಹತ್ರ ನಿಂತ್ರೆ ತಲೆ ಮೇಲೇ ಇರುತ್ತೆ, ತಪ್ಪಿಸ್ಕೊಳ್ಳೋಕೇ ಆಗಲ್ಲ. ಫೋಟೋದಲ್ಲಿ ಇಲ್ಲ. "ಯೇ ಹಮಾರಾ ಸಮಿತಿ ನಹೀ ಹೈ ದಾದಾ." ಆಮೇಲೆ ಮೊಬೈಲ್ ವಾಪಸ್ ಕೊಟ್ಟು, ಸಮಿತಿ ದಂಡೇಲಿ ಟೆಂಟು ಹಾಕೋದು ಎಷ್ಟೋ ವರ್ಷದಿಂದ ಬಂದ್, ಪವಿತ್ರ ಕೆರೆ, ಜನ ಗಲೀಜು ಮಾಡಿದ್ರು ಅಂತ ನಿಲ್ಸಿದ್ರು, ವ್ಯೂ ಪಾಯಿಂಟ್ ಒಂದರ ಆಚೆನೂ ಫಾರೆಸ್ಟ್‌ನೋರು ಬಿಡಲ್ಲ, ನಿಮ್ಗೆ ಯಾರು ಹೇಳಿದ್ದು ಅಂತ ಕೇಳ್ದ.

ಯಾರೂ ಮಾತಾಡ್ಲಿಲ್ಲ. ಬಾಮೈದ ನನ್ನ ಮುಖ ನೋಡ್ದ. ಉಳಿದ ಮೂವರು ಒಲೆ ನೋಡಿದ್ರು. ನಾನು ಟೀ ಕಪ್ಪಲ್ಲಿ ಏನೋ ಇರೋ ಥರ ಅದರೊಳಗೆ ನೋಡ್ತಾ ಕೂತಿದ್ದೆ. (ಆ ಫೋಟೋ ಕಾಶ್ಮೀರದ ವಿಶನ್‌ಸರ್ ಲೇಕ್‌ದು ಅಂತ ಬಂದ ಮೇಲೆ ಅಲ್ಲಿಗೆ ಹೋಗಿದ್ದ ಸ್ನೇಹಿತ ಒಂದೇ ನೋಟಕ್ಕೆ ಹೇಳ್ದ. ಸಿಕ್ಕಿಂ ಎಲ್ಲಿ, ಕಾಶ್ಮೀರ ಎಲ್ಲಿ!)

ಟ್ರೆಕ್ ಬಗ್ಗೆ ನನಗೇನೂ ದೂರಿಲ್ಲ, ಅದನ್ನ ಹೇಳಲೇಬೇಕು. ತ್ಸೋಕಾ ದಾಟಿ ರೋಡೋಡೆಂಡ್ರಾನ್ ಕಾಡಲ್ಲಿ ಮರದ ದಿಮ್ಮಿ ಹಾಸಿರೋ ದಾರಿ, ಥಾನ್ಸಿಂಗ್ ಬಯಲು, ಲಾಮುನೆಯಲ್ಲಿ ಟೆಂಟ್ ಕಿತ್ಕೊಂಡು ಹೋಗೋ ಗಾಳಿ. ಬೆಳಗಿನ ಜಾವ ಮೂರಕ್ಕೆ ಎದ್ದು ಹೆಡ್‌ಲ್ಯಾಂಪ್ ಹಾಕ್ಕೊಂಡು ಕತ್ತಲಲ್ಲೇ ಸಮಿತಿ ದಾಟಿ ಕಲ್ಲುರಾಶಿ ಹತ್ತಿ ವ್ಯೂ ಪಾಯಿಂಟ್ ಒಂದಕ್ಕೆ ಹೋದ್ವಿ. ಕಾಂಚನಜುಂಗಾ ತುದಿಗೆ ಮೊದಲು ಕೆಂಪು ಬಿತ್ತು, ಆಮೇಲೆ ಬಂಗಾರ. ನಮ್ಮ ಮಧ್ಯೆ ಒಬ್ಬ ಅತ್ತೇ ಬಿಟ್ಟ. ನನಗೆ ಮಾತ್ರ ಕಣ್ಣು ಮುಂದಿನ ದಾರಿ ಮೇಲೇ, ಗೈಡ್ ನಿಲ್ಸಿದ ಜಾಗದಿಂದ ಆಚೆ ಕಾಲುದಾರಿ ಕಾಣ್ತಾ ಇತ್ತು, 3,500, 3,500 ಅಂತ ತಲೇಲಿ ಹೊಡ್ಕೊಳ್ತಿತ್ತು. ಇಂಥಾ ಜಾಗದಲ್ಲಿ ನಿಂತ್ಕೊಂಡು ದುಡ್ಡಿನ ಲೆಕ್ಕ ಹಾಕೋ ಹಂಗೆ ಮಾಡ್ದನಲ್ಲ, ಅದಕ್ಕೇ ಅವನನ್ನ ಕ್ಷಮಿಸೋಕಾಗ್ತಿಲ್ಲ. ಇಳಿಯೋವಾಗ ಬೆಳಕಲ್ಲಿ ಸಮಿತಿ ಪಕ್ಕ ಹತ್ತು ನಿಮಿಷ ಕೂತ್ವಿ. ಅಂಚಲ್ಲಿ ಗಾಜಿನ ಥರ ತೆಳ್ಳಗೆ ಐಸ್ ಕಟ್ಟಿತ್ತು, ನೀರು ಹಸಿರು, ಪ್ರಾರ್ಥನಾ ಧ್ವಜ ಪಟಪಟ ಅಂತಿತ್ತು. ಮೇಲೆ ಪಾಂಡಿಮ್. ಟೆಂಟ್ ಒಂದೂ ಇಲ್ಲ, ಇರ್ಲೂಬಾರ್ದು.

ಇನ್ನೂ ಮುಗೀಲಿಲ್ಲ. ವಾಪಸ್ ಯುಕ್ಸಮ್‌ಗೆ ಬಂದ ರಾತ್ರಿ ಗೈಡ್ ಹಿಂಜರೀತಾ ಬಂದು, ನಿಮ್ಮ ಲೀಡರ್ ಅರ್ಧ ದುಡ್ಡೇ ಹಾಕಿರೋದು, ಫೋನ್ ಎತ್ತುತ್ತಿಲ್ಲ, ಅಡುಗೆಯವನಿಗೆ, ಡ್ಜೋ ಹೊಡ್ಕೊಂಡು ಬಂದವನಿಗೆ ನಾನು ಕೊಡ್ಬೇಕು ಅಂದ. ತಲೆಗೆ 18,500 ಕೊಟ್ಟಿದ್ವಿ ನಾವು! ಆ ಹುಡುಗನ ಕೈಗೆ ಬರ್ಬೇಕಾಗಿದ್ದೇ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅದ್ರಲ್ಲೂ ಅರ್ಧ ಬಾಕಿ. ಎಲ್ರೂ ಸೇರಿ 12,000 ಕೊಟ್ಟು ಬಂದ್ವಿ. ಕೊಡ್ದೆ ಹೆಂಗೆ ಬರೋದು, ಎಂಟು ದಿನ ಅವನ ಕೈಯಲ್ಲಿ ಊಟ ಮಾಡಿ?

ಈಗ ಇವನ ಉತ್ತರಗಳು ಕೇಳಿ. ಮೊದಲು ಮೂರು ದಿನ ನೀಲಿ ಟಿಕ್, ಉತ್ತರ ಇಲ್ಲ. ಆಮೇಲೆ "ಸರ್ ಇಟಿನರರಿ ಕೊನೇಲಿ 'ಸಬ್ಜೆಕ್ಟ್ ಟು ಪರ್ಮಿಷನ್' ಅಂತ ಇದೆ, ನೋಡ್ಲಿಲ್ವಾ?" ಇದೆ, ನಿಜ, ಇರುವೆ ಸೈಜಲ್ಲಿ. ಪರ್ಮಿಷನ್ ಸಿಗಲ್ಲ ಅಂತ ಗೊತ್ತಿದ್ದೂ ಪರ್ಮಿಟ್‌ಗೆ ಅಂತ ಯಾಕೆ ತಗೊಂಡೆ, ರಸೀದಿ ಕಳಿಸು ಅಂದೆ. "ಅದು ಪ್ರೋಸೆಸಿಂಗ್ ಫೀಸ್ ಸರ್, ನಾನ್ ರಿಫಂಡಬಲ್." ಯಾರಿಗೆ ಪ್ರೋಸೆಸ್ ಮಾಡ್ಸಿದೆ? "ಆಫೀಸ್ ಲೆವೆಲಲ್ಲಿ." ಯಾವ ಆಫೀಸು? ಉತ್ತರ ಇಲ್ಲ. ಫೋಟೋ ಕಾಶ್ಮೀರದ್ದಲ್ವಾ? "ಅದು ರೆಪ್ರೆಸೆಂಟೇಟಿವ್ ಇಮೇಜ್." ಗೈಡ್ ಬಾಕಿ? "ಅದು ನಮ್ಮ ಇಂಟರ್ನಲ್ ಮ್ಯಾಟರ್, ನೀವು ಯಾಕೆ ಕೊಟ್ರಿ, ನಾನು ಕೊಡಿ ಅಂದಿದ್ನಾ?" ಕೊನೆಗೆ ಒಂದು ವಾಯ್ಸ್ ನೋಟು, ಬಹಳ ಬೇಜಾರಿನ ದನಿ: "ನೀವು ಇಷ್ಟೊಂದು ಓದಿರೋರು, 3,500 ರೂಪಾಯಿಗೆ ಹಿಂಗೆ ಮಾತಾಡ್ತೀರಾ ಅಂತ ಅನ್ಕೊಂಡಿರ್ಲಿಲ್ಲ ಸರ್. ಕನ್ನಡದವರೇ ಕನ್ನಡದವರನ್ನ ಬೆಳೆಸ್ದೆ ಇದ್ರೆ ಹೆಂಗೆ." ಅದನ್ನ ನಾಲ್ಕು ಸಲ ಕೇಳ್ದೆ, ನಾಲ್ಕೂ ಸಲ ನಂಗೇ ನಾಚಿಕೆ ಆಯ್ತು, ಅದು ಹೆಂಗೆ ಅಂತ ಇನ್ನೂ ಅರ್ಥ ಆಗಿಲ್ಲ. ಮಾರನೇ ದಿನ ಗ್ರೂಪಿಂದ ತೆಗೆದು ಹಾಕ್ದ.

ಹೋಗೋರಿಗೆ ಇಷ್ಟೇ: ವ್ಯೂ ಪಾಯಿಂಟ್ ಒಂದರ ಆಚೆ ಕರ್ಕೊಂಡು ಹೋಗ್ತೀನಿ ಅಥವಾ ಸಮಿತಿ ಪಕ್ಕ ಮಲಗಿಸ್ತೀನಿ ಅಂದ್ರೆ ಅಲ್ಲೇ ಫೋನ್ ಇಡಿ. ಪರ್ಮಿಟ್ ಅಂತ ದುಡ್ಡು ಕೇಳಿದ್ರೆ ಹೋದ ಬ್ಯಾಚಿನ ರಸೀದಿ ಫೋಟೋ ಕೇಳಿ, ತಡವರಿಸಿದ್ರೆ ಗೊತ್ತಾಗುತ್ತೆ. ಸಾಧ್ಯ ಆದ್ರೆ ಯುಕ್ಸಮ್‌ನೋರ ಹತ್ರಾನೇ ನೇರ ಮಾತಾಡ್ಕೊಂಡು ಹೋಗಿ, ದುಡ್ಡು ನಡೆಸಿದವನ ಕೈಗಾದ್ರೂ ಸೇರುತ್ತೆ. ಬೆಂಗಳೂರಲ್ಲಿ ಕೂತು ಕಾಶ್ಮೀರದ ಕೆರೆನ ಸಿಕ್ಕಿಂಗೆ ತಂದಿಡೋರ ಹತ್ರ ಬೇಡ.

ನಾಲ್ಕು ಜನರ 3,500 ನಾನೇ ವಾಪಸ್ ಹಾಕ್ದೆ, ನನ್ನ ಮಾತಿಗೆ ತಾನೆ ಕೊಟ್ಟಿದ್ದು. ಮೂವರು ಬೇಡ ಬೇಡ ಅಂತಾನೇ ತಗೊಂಡ್ರು. ಬಾಮೈದ ಮಾತ್ರ ಬಂದ ನಿಮಿಷಕ್ಕೇ ತಿರುಗಿ ನನ್ನ ಅಕೌಂಟಿಗೇ ಹಾಕಿ, ಕೆಳಗೆ "ಇರ್ಲಿ ಬಿಡಿ ಭಾವ" ಅಂತ ಬರ್ದಿದ್ದ. ಹೆಂಡತಿಗೆ ಇನ್ನೂ ಹೇಳಿಲ್ಲ. ಅವನು ಹೇಳಿದಾನೋ ಇಲ್ವೋ ಗೊತ್ತಿಲ್ಲ, ಕೇಳೋಕೂ ಧೈರ್ಯ ಇಲ್ಲ.